ಹಳೇ ಸೆಸ್ನಾದ ಬ್ರೇಕ್ ಲೈನಿಗೆ ಯಾವ ಫಿಟಿಂಗ್ ಹಾಕಬೇಕು?

ಹ್ಯಾಂಗರಿನ ನೆಲದಲ್ಲಿ, ಎಡ ಚಕ್ರದ ಪಕ್ಕ, ಒಂದು ಕೆಂಪು ಹನಿ. ಒಂದು ರೂಪಾಯಿ ನಾಣ್ಯದಷ್ಟು ಅಗಲ. ಮೊದಲ ದಿನ ಒರೆಸಿ ಸುಮ್ಮನಾದೆ. ಮುಂದಿನ ವಾರ ಅದೇ ಜಾಗದಲ್ಲಿ ಮತ್ತೊಂದು. ಮೂರನೇ ವಾರ ಟ್ಯಾಕ್ಸಿ ಮಾಡುವಾಗ, ಅಂದರೆ ವಿಮಾನವನ್ನು ನೆಲದ ಮೇಲೆ ಓಡಿಸುವಾಗ, ಎಡಗಾಲಿನ ಬ್ರೇಕ್ ಪೆಡಲ್ ಬೆಣ್ಣೆಯ ಮೇಲೆ ಕಾಲಿಟ್ಟ ಹಾಗೆ ಮೆತ್ತಗೆ ಒಳಗೆ ಹೋಯಿತು.

ನಮ್ಮದು 1946ರ ಸೆಸ್ನಾ 140 ಅನ್ನುವ ಪುಟ್ಟ ವಿಮಾನ. ಕಾನ್ಸಾಸ್‌ನ ವಿಚಿಟಾದಲ್ಲಿ ಹುಟ್ಟಿದ್ದು, ಈಗ ಒಹಾಯೋದಲ್ಲಿ ನಾವು ಮೂರು ಜನ ಸೇರಿ ಸಾಕುತ್ತಿದ್ದೇವೆ. ಅಕ್ಕಪಕ್ಕ ಎರಡು ಸೀಟು, 85 ಕುದುರೆಶಕ್ತಿಯ ಕಾಂಟಿನೆಂಟಲ್ ಎಂಜಿನ್ನು, ಹಿಂದೆ ಪುಟ್ಟ ಬಾಲಚಕ್ರ. ಬೆಂಗಳೂರಿನವರು ನೋಡಿದರೆ ಪುಷ್ಪಕ್ ನೆನಪಾಗಬಹುದು. ಎಚ್‌ಎಎಲ್‌ನವರು 1958ರಲ್ಲಿ ಮೊದಲು ಹಾರಿಸಿದ ಆ ವಿಮಾನ, ಸೆಸ್ನಾ 140ರ ಕಾಲದ್ದೇ ಆದ ಏರೋಂಕಾ ಚೀಫ್ ಅನ್ನುವ ಅಮೆರಿಕದ ವಿಮಾನದ ಹತ್ತಿರದ ನೆಂಟ. ಇಂಥ ವಿಮಾನಗಳಲ್ಲಿ ಎಡ ಬ್ರೇಕಿಗೂ ಬಲ ಬ್ರೇಕಿಗೂ ಬೇರೆ ಬೇರೆ ಸಿಲಿಂಡರು, ಬೇರೆ ಬೇರೆ ಪೈಪು. ಒಂದು ಕೈಕೊಟ್ಟರೆ ಇನ್ನೊಂದು ಮಾತ್ರ ಹಿಡಿಯುತ್ತದೆ. ಬಾಲಚಕ್ರದ ವಿಮಾನ ಆಗ ಬುಗುರಿ ಥರ ತಿರುಗಿಬಿಡಬಹುದು, ರೆಕ್ಕೆ ನೆಲಕ್ಕೆ ಉಜ್ಜಬಹುದು. ಅದಕ್ಕೇ ಎರಡು ಡಾಲರಿನ ಒಂದು ನಟ್ಟಿನ ಬಗ್ಗೆ ಇಷ್ಟುದ್ದ ಬರೆಯುತ್ತಿದ್ದೇನೆ.

ಶುರು ಮಾಡುವ ಮೊದಲು ಒಂದು ಮಾತು. ಅಮೆರಿಕದ ನಿಯಮದಲ್ಲಿ ವಿಮಾನದ ಮಾಲೀಕ ತಾನೇ ಮಾಡಿಕೊಳ್ಳಬಹುದಾದ ಸಣ್ಣಪುಟ್ಟ ಕೆಲಸಗಳ ಪಟ್ಟಿ ಇದೆ. ಹೋಸ್ (ಬಳುಕುವ ಕೊಳವೆ) ಜೋಡಣೆ ಬದಲಾಯಿಸುವುದೂ ಅದರಲ್ಲಿ ಇದೆ, ಆದರೆ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಜೋಡಣೆಯನ್ನು ಮಾತ್ರ ಹೆಸರು ಹಿಡಿದು ಹೊರಗಿಟ್ಟಿದ್ದಾರೆ. ಬ್ರೇಕ್ ಲೈನ್ ಅಂದರೆ ಹೈಡ್ರಾಲಿಕ್ಕೇ. ಹಾಗಾಗಿ ಕೈ ನಮ್ಮದಾದರೂ ಪಕ್ಕದಲ್ಲಿ ನಿಂತು ನೋಡಿ ಲಾಗ್‌ಬುಕ್ಕಿಗೆ ಸಹಿ ಹಾಕಲು ಲೈಸೆನ್ಸ್ ಇರುವ ಮೆಕ್ಯಾನಿಕ್ ಬೇಕು. ನಮಗೆ ಸಿಕ್ಕಿದ್ದು ಎಪ್ಪತ್ತು ದಾಟಿದ ಒಬ್ಬ ಅಜ್ಜ. ಮಾತು ಕಮ್ಮಿ. ತಪ್ಪು ಮಾಡಿದರೆ ಸುಮ್ನೆ ಕನ್ನಡಕ ತೆಗೆದು ಒರೆಸುತ್ತಾರೆ, ಅಷ್ಟೇ. ಅವರು ಕನ್ನಡಕ ಒರೆಸಿದ ಲೆಕ್ಕದಲ್ಲೇ ನಾನು ಇದನ್ನೆಲ್ಲ ಕಲಿತದ್ದು.

37 ಡಿಗ್ರಿಯೋ 45 ಡಿಗ್ರಿಯೋ

ಸೀಟಿನ ಕೆಳಗಿನ ಮುಚ್ಚಳ ಬಿಚ್ಚಿ ಟಾರ್ಚ್ ಹಾಕಿದೆವು. ಸಾಲಾಗಿ ನೀಲಿ ಬಣ್ಣದ ಫಿಟಿಂಗುಗಳು, ಅಂದರೆ ಪೈಪು ಜೋಡಿಸುವ ತುಣುಕುಗಳು, ಅವುಗಳ ಮಧ್ಯೆ ಒಂದೇ ಒಂದು ಹಿತ್ತಾಳೆ ನಟ್ಟು. ಸುತ್ತ ಬಿಳಿ ಪುಡಿ ಕಟ್ಟಿತ್ತು, ಅಲ್ಯೂಮಿನಿಯಂ ಪೈಪಿಗೆ ಹಿತ್ತಾಳೆ ತಾಗಿ ತುಕ್ಕು ಹಿಡಿದ ಗುರುತು. ಯಾವ ಕಾಲದಲ್ಲೋ ಯಾರೋ ಅರ್ಜೆಂಟಿಗೆ ಕಾರಿನ ಬಿಡಿಭಾಗದ ಅಂಗಡಿಯಿಂದ ತಂದು ಹಾಕಿದ್ದು.

ಪೈಪಿನ ತುದಿಯನ್ನು ತುತ್ತೂರಿಯ ಬಾಯಿಯ ಹಾಗೆ ಅಗಲಿಸುವುದಕ್ಕೆ ಫ್ಲೇರ್ ಅನ್ನುತ್ತಾರೆ. ಆ ಅಗಲಿಸಿದ ಬಾಯಿ ಫಿಟಿಂಗಿನ ಶಂಕುವಿನಂಥ ಮೂತಿಯ ಮೇಲೆ ಕೂರುತ್ತದೆ, ಹಿಂದಿನಿಂದ ಸ್ಲೀವ್ ಅನ್ನುವ ಪುಟ್ಟ ಬಳೆ ಮತ್ತು ನಟ್ಟು ಅದನ್ನು ಒತ್ತಿ ಹಿಡಿಯುತ್ತವೆ. ವಿಮಾನದಲ್ಲಿ ಈ ಮೂತಿಯ ಕೋನ 37 ಡಿಗ್ರಿ. ಕಾರಿನ ಲೈನಿನಲ್ಲಿ, ಫ್ರಿಜ್ಜಿನ ತಾಮ್ರದ ಪೈಪಿನಲ್ಲಿ ಸಾಮಾನ್ಯವಾಗಿ ಸಿಗುವುದು 45. ಎಂಟೇ ಡಿಗ್ರಿ ವ್ಯತ್ಯಾಸ, ಅಷ್ಟಕ್ಕೇ ಏನು ಮಹಾ ಅನ್ನಿಸುತ್ತದೆ ಅಲ್ವಾ? ಮೋಸ ಇರುವುದು ಥ್ರೆಡ್ಡಿನಲ್ಲಿ, ಅಂದರೆ ಸ್ಕ್ರೂವಿನಂಥ ಸುತ್ತುಗಳಲ್ಲಿ. ಕಾಲಿಂಚು ಪೈಪಿನ ವಿಮಾನದ ಫಿಟಿಂಗಿಗೂ ಕಾರಿನ 45 ಡಿಗ್ರಿ ಫಿಟಿಂಗಿಗೂ ಥ್ರೆಡ್ ಒಂದೇ: 7/16 ಇಂಚು, ಇಂಚಿಗೆ 20 ಸುತ್ತು. ಬೆರಳಲ್ಲೇ ಸಲೀಸಾಗಿ ತಿರುಗಿ ಒಳಗೆ ಹೋಗುತ್ತದೆ, ಸ್ಪ್ಯಾನರಿಗೆ ಬಿಗಿಯಾಗಿ ನಿಲ್ಲುತ್ತದೆ, ಸರಿಯಾಗಿದೆ ಅಂತ ಕೈ ನಂಬಿಬಿಡುತ್ತದೆ. ಒಳಗೆ ಮಾತ್ರ ಶಂಕುವಿಗೆ ಶಂಕು ಪೂರ್ತಿ ಕೂತಿರುವುದಿಲ್ಲ, ಒಂದು ತೆಳು ಉಂಗುರದಷ್ಟು ಜಾಗದಲ್ಲಿ ಮಾತ್ರ ತಾಗಿರುತ್ತದೆ. ಕೆಲವು ದಿನ ಹಿಡಿದುಕೊಳ್ಳುತ್ತದೆ. ಆಮೇಲೆ ಒಂದು ಹನಿ. ಆಗ ನಾವು ಇನ್ನೂ ಸ್ವಲ್ಪ ಬಿಗಿಯುತ್ತೇವೆ, ಮೆತ್ತನೆಯ ಪೈಪಿನ ತುಟಿ ಇನ್ನೂ ತೆಳುವಾಗುತ್ತದೆ, ಒಂದು ದಿನ ಸೀಳುತ್ತದೆ.

ಹೋಲಿಕೆ ಇಲ್ಲಿಗೇ ಮುಗಿಯಿತು ಅನ್ನಿ. ವಿಮಾನಕ್ಕೆ 37. ಕಾರಿನಂಗಡಿಯ 45 ಡಿಗ್ರಿ ಟೂಲನ್ನು ಹ್ಯಾಂಗರಿನ ಒಳಗೇ ಬಿಡಬೇಡಿ, ಯಾಕೆಂದರೆ ಎರಡೂ ಒಂದೇ ಡ್ರಾಯರಿನಲ್ಲಿದ್ದರೆ ಒಂದಲ್ಲ ಒಂದು ದಿನ ತಪ್ಪಿದ್ದೇ ಕೈಗೆ ಬರುತ್ತದೆ.

37 ಡಿಗ್ರಿಯಲ್ಲೂ ಮೂರು ನಾಲ್ಕು ಜಾತಿ

ವಿಮಾನದವರು ಬಳಸುವುದು ಎಎನ್ ಮಾನದಂಡದ್ದು, ಅಂದರೆ ಅಮೆರಿಕದ ಆರ್ಮಿ-ನೇವಿ. ಹೆಸರಿನ ಕೊನೆಯಲ್ಲಿ ಅಡ್ಡಗೆರೆ ಹಾಕಿ ಒಂದು ಅಂಕಿ ಇರುತ್ತದೆ. ಅದು ಪೈಪಿನ ಹೊರಗಿನ ವ್ಯಾಸ, ಇಂಚಿನ ಹದಿನಾರನೇ ಭಾಗಗಳ ಲೆಕ್ಕದಲ್ಲಿ. 4 ಅಂದರೆ ಕಾಲಿಂಚು, 3 ಅಂದರೆ 3/16. ನಟ್ಟಿನ ನಂಬರು 818, ಸ್ಲೀವಿನದು 819, ಒಂದು ಕಡೆ ಫ್ಲೇರ್ ಇನ್ನೊಂದು ಕಡೆ ಪೈಪ್ ಥ್ರೆಡ್ ಇರುವ ನೇರ ಫಿಟಿಂಗ್ 816, ಅದೇ 90 ಡಿಗ್ರಿ ಎಲ್ಬೋ ಆದರೆ 822, ತಗಡಿನ ಗೋಡೆಯ ಆಚೀಚೆಯ ಪೈಪುಗಳನ್ನು ಜೋಡಿಸುವ ಯೂನಿಯನ್ 832. ಈ ಐದು ನಂಬರು ಬಾಯಿಗೆ ಬಂದರೆ ಸಣ್ಣ ವಿಮಾನದ ಬ್ರೇಕಿನ ಮುಕ್ಕಾಲು ಭಾಗ ಮುಗಿದ ಹಾಗೆ.

ಇದರ ಅಣ್ಣನ ಹಾಗೆ ಕಾಣುವುದು ಜೆಐಸಿ, ಟ್ರ್ಯಾಕ್ಟರು ಜೆಸಿಬಿಗಳ ಹೈಡ್ರಾಲಿಕ್ಸಿಗೆ ಹಾಕುವಂಥದ್ದು. ಕೋನ ಅದೇ, ಥ್ರೆಡ್ ಅಳತೆಯೂ ಅದೇ, ಸೋರುವುದೂ ಇಲ್ಲ. ಆದರೆ ಥ್ರೆಡ್ಡಿನ ನಯ ಎಎನ್‌ನಷ್ಟು ಇಲ್ಲ, ಲೋಹ ಬೇರೆ, ವಿಮಾನಕ್ಕೆ ಬೇಕಾದ ಕಾಗದ ಇಲ್ಲ. ಕಾರ್ ರೇಸಿನವರ ಅಂಗಡಿಯಲ್ಲಿ ಕೆಂಪು ನೀಲಿ ಬಣ್ಣದಲ್ಲಿ ಫಳಫಳ ಹೊಳೆಯುತ್ತಾ ಎಎನ್ ಅಂತಲೇ ಹೆಸರು ಹೊತ್ತು ಸಿಗುವುದೂ ಇದೇ ಕಥೆ. ಮನೆಯಲ್ಲೇ ಕಟ್ಟಿದ ಎಕ್ಸ್‌ಪೆರಿಮೆಂಟಲ್ ವಿಮಾನವಾದರೆ ನಿಮ್ಮ ಇಷ್ಟ. ನಮ್ಮಂಥ ಟೈಪ್ ಸರ್ಟಿಫಿಕೇಟ್ (ವಿನ್ಯಾಸಕ್ಕೆ ಸರ್ಕಾರದ ಒಪ್ಪಿಗೆ) ಇರುವ ವಿಮಾನಕ್ಕೆ ಅದು ಬೇಡ. ನಿಜವಾದ ಎಎನ್ ಭಾಗವನ್ನು ಸ್ಟ್ಯಾಂಡರ್ಡ್ ಪಾರ್ಟ್ ಅಂತ ಒಪ್ಪುತ್ತಾರೆ, ಸೆಸ್ನಾ ಕಂಪನಿಯ ಮುದ್ರೆಯೇ ಇರಬೇಕು ಅಂತಿಲ್ಲ. ಅಷ್ಟು ಸುಲಭದ ದಾರಿ ಇರುವಾಗ ಪಕ್ಕದ ಗಲ್ಲಿಗೆ ಯಾಕೆ ಹೋಗಬೇಕು?

ಹಳೇ ವಿಮಾನದವರಿಗೆ ಮಾತ್ರ ಎದುರಾಗುವ ಇನ್ನೊಂದು ಜಾತಿ ಉಂಟು. ಎಎನ್‌ಗಿಂತ ಮೊದಲಿನ ಎಸಿ ಫಿಟಿಂಗ್, ಅಮೆರಿಕದ ಸೇನೆಯ ವಿಮಾನ ದಳಕ್ಕೆ ಏರ್ ಕೋರ್ ಅನ್ನುತ್ತಿದ್ದ ಕಾಲದ್ದು. ಬೂದು ಅಥವಾ ಹಳದಿ ಬಣ್ಣ. ಮೂತಿಯನ್ನು ಹತ್ತಿರದಿಂದ ನೋಡಿ. ಎಎನ್‌ನಲ್ಲಿ ಥ್ರೆಡ್ ಮುಗಿದ ಮೇಲೆ, ಶಂಕು ಶುರುವಾಗುವ ಮೊದಲು, ಒಂದು ಸಣ್ಣ ಬೋಳು ಕುತ್ತಿಗೆ ಇರುತ್ತದೆ. ಎಸಿಯಲ್ಲಿ ಕುತ್ತಿಗೆಯೇ ಇಲ್ಲ, ಥ್ರೆಡ್ ನೇರ ಶಂಕುವಿನ ಬುಡಕ್ಕೇ ಬರುತ್ತದೆ. ಸಿಕ್ಕರೆ ಅದರ ನಟ್ಟು ಸ್ಲೀವು ಎಲ್ಲ ಒಟ್ಟಿಗೆ ತೆಗೆದು ಡಬ್ಬಿಯಲ್ಲಿ ಇಡಿ, ಎಎನ್ ಜೊತೆ ಬೆರೆಸಬೇಡಿ. ಎಸೆಯಲೂ ಬೇಡಿ, ಹಳೇ ಸಾಮಾನು ಹುಡುಕುವ ಹುಚ್ಚರು ಇದ್ದಾರೆ, ಒಳ್ಳೇ ಬೆಲೆ ಕೊಡುತ್ತಾರೆ.

ನೀಲಿಯೋ ಕಪ್ಪೋ

ನೀಲಿ ಅಂದರೆ ಅಲ್ಯೂಮಿನಿಯಂ, ಕಪ್ಪು ಅಂದರೆ ಸ್ಟೀಲು. ನಂಬರಿನ ಕೊನೆಗೆ ಡಿ ಅಕ್ಷರ ಇದ್ದರೆ ಅಲ್ಯೂಮಿನಿಯಂ, ಅಕ್ಷರವೇ ಇಲ್ಲದಿದ್ದರೆ ಸ್ಟೀಲು. ತೂಕದ ವ್ಯತ್ಯಾಸ ಕೆಲವು ಚಮಚ ಸಕ್ಕರೆಯಷ್ಟು, ಅದನ್ನು ಲೆಕ್ಕಕ್ಕೇ ತಗೋಬೇಡಿ. ಗಟ್ಟಿಯಾಗಿರಲಿ ಅಂತ ಎಲ್ಲ ಕಡೆ ಸ್ಟೀಲ್ ಹಾಕೋಣ ಅಂದೆ ನಾನು. ಅಜ್ಜ ಕನ್ನಡಕ ತೆಗೆದರು.

ವಿಷಯ ಏನೆಂದರೆ, ನಟ್ಟನ್ನು ಎಷ್ಟು ಬಿಗಿಯಬೇಕು ಅನ್ನುವುದು ಪೈಪಿನ ಲೋಹದ ಮೇಲೆ ನಿಂತಿದೆ. ಫಿಟಿಂಗ್ ಯಾವುದೇ ಆಗಿರಲಿ. ನಮ್ಮ ಲೈನು 5052-ಒ ಅನ್ನುವ ಮೆತ್ತನೆಯ ಅಲ್ಯೂಮಿನಿಯಂ, ಹೊರ ವ್ಯಾಸ ಕಾಲಿಂಚು, ಗೋಡೆಯ ದಪ್ಪ 0.035 ಇಂಚು. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಕೈಪಿಡಿಯ ಪ್ರಕಾರ ಇದಕ್ಕೆ 40ರಿಂದ 65 ಇಂಚು-ಪೌಂಡು, ಅದು ತಿರುಗಿಸುವ ಬಲದ ಅಳತೆ. ಇದೇ ಅಳತೆಯ ಸ್ಟೀಲ್ ಪೈಪಿಗೆ 135ರಿಂದ 150. ಕಪ್ಪು ನಟ್ಟು ನೋಡಿದ ತಕ್ಷಣ ಕೈಗೆ ಸ್ಟೀಲಿನ ಬಲ ಬರುತ್ತದೆ, ಪಾಪ ಪೈಪಿನ ತುಟಿ ಮಧ್ಯೆ ಸಿಕ್ಕಿ ಕತ್ತರಿಸಿ ಹೋಗುತ್ತದೆ. ನೀಲಿ ನಟ್ಟು ಇದ್ದರೆ ಕೈ ತಾನಾಗಿ ಹುಷಾರಾಗುತ್ತದೆ. ಇದು ಯಾವ ಕೈಪಿಡಿಯಲ್ಲೂ ಇಲ್ಲ, ನನ್ನ ಅನುಭವ.

ಹಾಗಾಗಿ ನನ್ನ ಆಯ್ಕೆ: ಬಾಡಿಯ ಒಳಗೆ, ಒಂದು ಸಲ ಹಾಕಿ ಮುಚ್ಚಿಟ್ಟರೆ ವರ್ಷಗಟ್ಟಲೆ ಮುಟ್ಟದ ಜಾಗದಲ್ಲೆಲ್ಲ ನೀಲಿ. ಚಕ್ರದ ಹತ್ತಿರ ಕ್ಯಾಲಿಪರಿಗೆ (ಬ್ರೇಕ್ ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಭಾಗ) ಹೋಗುವ ಎಲ್ಬೋ ಒಂದು ಮಾತ್ರ ಸ್ಟೀಲು. ಅದು ವಿಮಾನದ ಅತಿ ಕೆಳಗಿನ ಭಾಗ. ನಾವು ಇಳಿಯುವುದು ಹುಲ್ಲಿನ ಮೇಲೆ, ಕಲ್ಲು ಕಡ್ಡಿ ಬಡಿಯುತ್ತಲೇ ಇರುತ್ತದೆ, ಜೊತೆಗೆ ಬ್ರೇಕ್ ಪ್ಯಾಡ್ ಬದಲಾಯಿಸುವಾಗೆಲ್ಲ ಅಲ್ಲಿಗೇ ಕೈ ಹೋಗುತ್ತದೆ. ಅಲ್ಯೂಮಿನಿಯಂ ಎಲ್ಬೋ ಹಾಕಿದರೆ ತಪ್ಪು ಅಂತೇನಿಲ್ಲ, ಎಷ್ಟೋ ವಿಮಾನಗಳಲ್ಲಿ ಅದೇ ಇದೆ.

ಈ ಎಲ್ಬೋ ಬಗ್ಗೆ ಇನ್ನೂ ಒಂದು ಮಾತು, ಇಲ್ಲೇ ಜಾಸ್ತಿ ಜನ ಎಡವುವುದು. ಕ್ಯಾಲಿಪರಿನ ಕಡೆ ಇರುವುದು ಪೈಪ್ ಥ್ರೆಡ್, ಎಂಟನೇ ಒಂದು ಇಂಚಿನದು, ಇಂಚಿಗೆ 27 ಸುತ್ತು, ಒಳಗೆ ಹೋದಂತೆ ಮೊನಚಾಗುವಂಥದ್ದು. ಇಲ್ಲಿ ಸೋರದಂತೆ ತಡೆಯುವುದು ಥ್ರೆಡ್ಡೇ, ಆದ್ದರಿಂದ ಸೋರಿಕೆ ತಡೆಯುವ ಸೀಲೆಂಟ್ ಹಚ್ಚಬೇಕು, ತುದಿಯ ಮೊದಲ ಸುತ್ತು ಬಿಟ್ಟು. ಅದೇ ಎಲ್ಬೋದ ಇನ್ನೊಂದು ತುದಿ ಫ್ಲೇರ್. ಅಲ್ಲಿ ತಡೆಯುವುದು ಶಂಕು, ಥ್ರೆಡ್ ಬರೀ ಎಳೆದು ಹಿಡಿಯುತ್ತದೆ. ಅಲ್ಲಿ ಸೀಲೆಂಟೂ ಬೇಡ, ನಲ್ಲಿಗೆ ಸುತ್ತುವ ಬಿಳಿ ಟೇಪಂತೂ ಬೇಡವೇ ಬೇಡ. ಟೇಪಿನ ಚೂರು ಕಿತ್ತು ಒಳಗೆ ಹೋದರೆ ಸಣ್ಣ ತೂತಿನಲ್ಲಿ ಹೋಗಿ ಕೂರುತ್ತದೆ. ಮೊನಚು ಥ್ರೆಡ್ಡಿನ ಎಲ್ಬೋವನ್ನು ದಿಕ್ಕಿಗೆ ಸರಿ ಮಾಡಲು ಹಿಂದಕ್ಕೆ ತಿರುಗಿಸುವ ಹಾಗೂ ಇಲ್ಲ, ಸಡಿಲ ಆಗುತ್ತದೆ. ಇನ್ನೊಂದು ಸುತ್ತು ಮುಂದಕ್ಕೆ ಹೊಡೆಯೋಣ ಅಂದರೆ ಎರಕದ ಮೈ ಸೀಳಬಹುದು. ಮೊದಲೇ ಬೆರಳಲ್ಲಿ ತಿರುಗಿಸಿ ಎಲ್ಲಿಗೆ ನಿಲ್ಲುತ್ತದೆ ನೋಡಿ, ದಿಕ್ಕು ಕೂಡಿಬರದಿದ್ದರೆ ಇನ್ನೊಂದು ಎಲ್ಬೋ ತಗೊಂಡು ನೋಡಿ. ಪ್ರತಿಯೊಂದೂ ಕೂದಲೆಳೆಯಷ್ಟು ಬೇರೆ ಜಾಗದಲ್ಲಿ ನಿಲ್ಲುತ್ತದೆ. ನಾನು ಮೂರು ತರಿಸಿದ್ದೆ, ಎರಡನೆಯದು ಸರಿಹೋಯಿತು.

ಗಟ್ಟಿ ಪೈಪೋ ಹೋಸೋ

ಸೆಸ್ನಾ 140 ಹುಟ್ಟುವಾಗ ಅದಕ್ಕಿದ್ದದ್ದು ಗುಡ್‌ಇಯರ್ ಡಿಸ್ಕ್ ಬ್ರೇಕು. ಅದರಲ್ಲಿ ಕ್ಯಾಲಿಪರ್ ಬೋಲ್ಟ್ ಹಾಕಿ ಕೂರಿಸಿದ್ದು, ಡಿಸ್ಕು ಮಾತ್ರ ಅತ್ತಿತ್ತ ಜಾರುತ್ತದೆ. ಆಮೇಲೆ ತುಂಬಾ ಜನ ಕ್ಲೀವ್‌ಲ್ಯಾಂಡ್ ಬ್ರೇಕಿಗೆ ಬದಲಾದರು, ನಮ್ಮದೂ ಹಾಗೇ. ಇಲ್ಲಿ ಉಲ್ಟಾ. ಡಿಸ್ಕ್ ಚಕ್ರಕ್ಕೆ ಬೋಲ್ಟ್ ಆಗಿರುತ್ತದೆ, ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರುತ್ತದೆ. ಪ್ರತಿ ಸಲ ಬ್ರೇಕ್ ಒತ್ತಿದಾಗ ಒಂದಿಷ್ಟು, ಪ್ಯಾಡ್ ಸವೆದ ಹಾಗೆ ಇನ್ನೊಂದಿಷ್ಟು. ಪ್ಯಾಡ್ 0.100 ಇಂಚಿಗೆ ಬಂದರೆ ಬದಲಾಯಿಸಬೇಕು, ಅಷ್ಟರೊಳಗೆ ಕ್ಯಾಲಿಪರ್ ತನ್ನ ಮೊದಲಿನ ಜಾಗ ಬಿಟ್ಟು ಕಣ್ಣಿಗೆ ಕಾಣುವಷ್ಟು ಸರಿದಿರುತ್ತದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಜಾರುವ ವಸ್ತುವಿಗೆ ಗಟ್ಟಿ ಪೈಪನ್ನು ಗಿಡ್ಡವಾಗಿ ನೇರ ಕಟ್ಟಿದರೆ ಅಷ್ಟೂ ಬಾಗುವಿಕೆ ಕೊನೇ ಫ್ಲೇರಿನ ಬುಡಕ್ಕೇ ಬರುತ್ತದೆ. ಕಬ್ಬಿಣದ ತಂತಿಯನ್ನು ಒಂದೇ ಕಡೆ ಹತ್ತಾರು ಸಲ ಬಗ್ಗಿಸಿ ಮುರಿಯುವುದಿಲ್ವಾ, ಹಾಗೆ. ಗಟ್ಟಿ ಪೈಪೇ ಬೇಕು ಅಂದರೆ ಕ್ಯಾಲಿಪರಿಗೆ ಮುಂಚೆ ಬಳುಕಲು ಜಾಗ ಇರುವ ಒಂದು ದೊಡ್ಡ ಬಾಗು ಬಿಡಿ. ಕಾಲಿಂಚು ಅಲ್ಯೂಮಿನಿಯಂಗೆ 9/16 ಇಂಚಿಗಿಂತ ಚಿಕ್ಕ ತ್ರಿಜ್ಯದಲ್ಲಿ ಬಗ್ಗಿಸಬಾರದು, ಸುಕ್ಕು ಬಂದರೆ ಆ ಪೈಪು ಕಸಕ್ಕೆ. ಗೀರು ಬಿದ್ದರೆ ಗೋಡೆಯ ದಪ್ಪದ ಹತ್ತರಲ್ಲಿ ಒಂದು ಭಾಗದವರೆಗೆ ಉಜ್ಜಿ ನಯ ಮಾಡಬಹುದು. ನಮ್ಮ ಪೈಪಿನಲ್ಲಿ ಅದು ಒಂದು ಮಾಮೂಲಿ ಬಿಳಿ ಹಾಳೆಯ ದಪ್ಪ, ಅಷ್ಟೇ. ಬಾಗಿನ ಬೆನ್ನ ಮೇಲೆ ಗೀರಿದ್ದರೆ ಅದೂ ನಡೆಯುವುದಿಲ್ಲ.

ಹೋಸಿನಲ್ಲಿ ಎರಡು. ರಬ್ಬರಿನದು ಅಗ್ಗ, ಬಳುಕುತ್ತದೆ, ವರ್ಷ ಕಳೆದ ಹಾಗೆ ಒಳಗಿನಿಂದ ಬಿರುಕು ಬಿಡುತ್ತದೆ. ಟೆಫ್ಲಾನ್ ಕೊಳವೆಗೆ ಸ್ಟೀಲ್ ಹೆಣಿಗೆ ಹಾಕಿದ್ದು ದುಬಾರಿ, ಆದರೆ ಶಾಖಕ್ಕೂ ಎಣ್ಣೆಗೂ ಜಗ್ಗುವುದಿಲ್ಲ. ಅದಕ್ಕೊಂದು ಹಠ ಇದೆ. ಬಹಳ ದಿನ ಒಂದು ಆಕಾರದಲ್ಲಿ ಬಗ್ಗಿದ್ದರೆ ಅದೇ ಆಕಾರ ಹಿಡಿಯುತ್ತದೆ, ಆಮೇಲೆ ಬಿಚ್ಚಿ ನೇರ ಮಾಡಲು ಹೋದರೆ ಒಳಗೆ ಮಡಚಿ ಒಡೆಯುತ್ತದೆ. ಎರಡರಲ್ಲಿ ಯಾವುದೇ ಆಗಲಿ, ಒತ್ತಡ ಬಂದಾಗ ಉದ್ದ ಸ್ವಲ್ಪ ಕುಗ್ಗಬಹುದು, ಹಾಗಾಗಿ ನೂರಕ್ಕೆ 5ರಿಂದ 8ರಷ್ಟು ಸಡಿಲ ಬಿಟ್ಟು ಹಾಕಬೇಕು. ಹೋಸಿನ ಮೈಮೇಲೆ ಉದ್ದಕ್ಕೆ ಒಂದು ಗೆರೆ ಇದ್ದರೆ ಅದು ಅಂದಕ್ಕಲ್ಲ. ಹಾಕಿದ ಮೇಲೆ ಗೆರೆ ಹಾವಿನ ಥರ ಸುತ್ತಿಕೊಂಡಿದ್ದರೆ ಹೋಸು ತಿರುಚಿದೆ ಅಂತ ಅರ್ಥ.

ನಾವು ಮಾಡಿದ್ದು: ಒಳಗಿನಿಂದ ಲೆಗ್ಗಿನ, ಅಂದರೆ ಚಕ್ರ ಹೊತ್ತ ಕಾಲಿನ, ಕೆಳತುದಿಯವರೆಗೆ ಗಟ್ಟಿ ಪೈಪು, ಅಲ್ಲಿಂದ ಕ್ಯಾಲಿಪರಿಗೆ ಅಂಗಡಿಯಲ್ಲೇ ಒತ್ತಡ ಪರೀಕ್ಷೆ ಮಾಡಿಸಿದ ಗಿಡ್ಡ ಟೆಫ್ಲಾನ್ ಹೋಸು. ಒರಿಜಿನಲ್‌ನಂತೆಯೇ ಕಾಣಬೇಕು ಅನ್ನುವವರು ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ. ಒಂದೇ ಒಂದು ಎಚ್ಚರ: 140ರ ಲೆಗ್ಗು ಅಂದರೆ ಸ್ಟೀವ್ ವಿಟ್‌ಮನ್ ಅನ್ನುವವರ ಕಲ್ಪನೆಯ ಚಪ್ಪಟೆ ಸ್ಪ್ರಿಂಗ್ ಸ್ಟೀಲು, ಪ್ರತಿ ಸಲ ಇಳಿದಾಗಲೂ ಬಗ್ಗಿ ಏಳುತ್ತದೆ. ಕ್ಲಾಂಪ್ ಕೂರಿಸಲು ಅದಕ್ಕೆ ತೂತು ಕೊರೆಯಬೇಡಿ, ಗೀರಲೂ ಬೇಡಿ, ಬಿರುಕು ಶುರುವಾಗುವುದು ಅಂಥ ಜಾಗದಿಂದಲೇ. ಸುತ್ತಿ ಹಿಡಿಯುವ, ಒಳಗೆ ರಬ್ಬರ್ ಇರುವ ಕ್ಲಾಂಪ್ ಸಾಕು.

ನೈಲಾನ್ ಕೊಳವೆ, ಹಿತ್ತಾಳೆಯ ಒತ್ತು ಫಿಟಿಂಗು: ಮನೆಯಲ್ಲಿ ಕಟ್ಟಿದ ಹಗುರ ವಿಮಾನಗಳಲ್ಲಿ ನೋಡಿದ್ದೇನೆ, ಕತ್ತರಿಸಿ ಚುಚ್ಚಿದರೆ ಆಯಿತು, ಫ್ಲೇರ್ ಟೂಲೇ ಬೇಡ. ಆದರೆ ಡಿಸ್ಕಿನ ಪಕ್ಕದ ಬಿಸಿಗೆ ನೈಲಾನ್ ಮೆತ್ತಗಾಗುತ್ತದೆ. ನಮ್ಮ ವಿಮಾನಕ್ಕೆ ಅದರ ಯೋಚನೆಯೇ ಬೇಡ.

ಹೋಸ್ ಕೊಳ್ಳುವಾಗ ಎಣ್ಣೆಯ ಬಗ್ಗೆಯೂ ಕೇಳಿ. ನಮ್ಮ ಬ್ರೇಕಿನಲ್ಲಿರುವುದು 5606 ಅನ್ನುವ ಕೆಂಪು ಖನಿಜ ಎಣ್ಣೆ, ಅದಕ್ಕೆ ನೈಟ್ರೈಲ್ ರಬ್ಬರಿನ ಸೀಲು. ಕಾರಿನ ಡಾಟ್ 3 ಎಣ್ಣೆ ಬೇರೆ ಜಾತಿ, ಅದರ ಸೀಲು ಇಪಿಡಿಎಂ ರಬ್ಬರು. ಆ ಸೀಲಿಗೆ ನಮ್ಮ ಕೆಂಪು ಎಣ್ಣೆ ತಾಗಿದರೆ ಉದ್ದಿನ ಬೇಳೆ ನೆನೆದ ಹಾಗೆ ಊದಿಕೊಳ್ಳುತ್ತದೆ. ಟೆಫ್ಲಾನಿಗೆ ಎರಡೂ ಒಂದೇ.

ಕೆಲಸದ ದಿನ

ಪೈಪ್ ಕತ್ತರಿಸಿದೆ, ಒಳಗಿನ ಚೂಪು ತೆಗೆದೆ, ಫ್ಲೇರ್ ಮಾಡಿದೆ. ಕೈಪಿಡಿ 5052-ಒ ಪೈಪಿಗೆ 3/8 ಇಂಚಿನವರೆಗೆ ಡಬಲ್ ಫ್ಲೇರ್ ಕೇಳುತ್ತದೆ, ಅಂದರೆ ತುಟಿಯನ್ನು ಒಳಕ್ಕೆ ಮಡಚಿ ಎರಡು ಪದರ ಮಾಡುವುದು. ಎರಡು ಚೂರು ಹಾಳು ಮಾಡಿದ ಮೇಲೆ ಮೂರನೆಯದು ಅದ್ಭುತವಾಗಿ ಬಂತು, ಕನ್ನಡಿಯ ಥರ ನುಣುಪು. ಖುಷಿಯಲ್ಲಿ ಅಜ್ಜನ ಕಡೆ ಹಿಡಿದು ತೋರಿಸಿದೆ. ಅವರು ಪೈಪನ್ನು ನೋಡಿದರು, ಬೆಂಚಿನ ಮೇಲೆ ಉಳಿದಿದ್ದ ನಟ್ಟು ಸ್ಲೀವುಗಳನ್ನು ನೋಡಿದರು, ಕನ್ನಡಕ ತೆಗೆದರು. ಫ್ಲೇರ್ ಮಾಡುವ ಮೊದಲೇ ಅವೆರಡನ್ನೂ ಪೈಪಿಗೆ ಪೋಣಿಸಬೇಕಿತ್ತು. ಇನ್ನೊಂದು ತುದಿ ಆಗಲೇ ಫ್ಲೇರ್ ಆಗಿತ್ತು.

ಹೊಸ ಪೈಪು. ಈ ಸಲ ನಟ್ಟು, ಸ್ಲೀವು, ಆಮೇಲೆ ಫ್ಲೇರ್. ಥ್ರೆಡ್ಡಿಗೆ ಅದೇ ಕೆಂಪು ಎಣ್ಣೆ ಒಂದು ತೊಟ್ಟು. ಬೆರಳಲ್ಲಿ ಪೂರ್ತಿ, ಕೊನೆಗೆ ಬಿಗಿಯುವ ಬಲ ಅಳೆಯುವ ಟಾರ್ಕ್ ವ್ರೆಂಚು, 55 ಇಂಚು-ಪೌಂಡಿಗೆ ನಿಲ್ಲಿಸಿದೆವು. ಗಾಳಿ ತೆಗೆಯಲು ಕ್ಯಾಲಿಪರಿನ ಕಡೆಯಿಂದ ಮೇಲಕ್ಕೆ ಎಣ್ಣೆ ತಳ್ಳಿದೆವು, ಗುಳ್ಳೆಗಳಿಗೂ ಮೇಲೇ ಹೋಗಬೇಕು ಅಂತ ಇರುತ್ತದಲ್ಲ. ಆಮೇಲೆ ಪ್ರತಿ ಜೋಡಣೆಯನ್ನೂ ಒರೆಸಿ, ಒಂದೊಂದಕ್ಕೂ ಬಿಳಿ ಟಿಶ್ಯೂ ಸುತ್ತಿ, ಒಬ್ಬ ಪೆಡಲ್ ಒತ್ತಿ ಹಿಡಿದು ಇಬ್ಬರು ಕೆಳಗೆ ಮಲಗಿ ಐದು ನಿಮಿಷ ನೋಡಿದೆವು.

ಮರುದಿನ ಬೆಳಿಗ್ಗೆ ಬಂದಾಗ ಎಂಟರಲ್ಲಿ ಏಳು ಟಿಶ್ಯೂ ಒಣಗಿತ್ತು. ಎಡ ಕ್ಯಾಲಿಪರಿನ ಎಲ್ಬೋದ್ದು ಮಾತ್ರ ತುದಿಯಲ್ಲಿ ಗುಲಾಬಿ. ಕೈ ಸ್ಪ್ಯಾನರಿನ ಕಡೆ ಹೋಯಿತು. ಬಿಗಿಯಬೇಡ, ಬಿಚ್ಚಿ ನೋಡು ಅಂದರು ಅಜ್ಜ. ಬಿಚ್ಚಿದರೆ ಫ್ಲೇರಿನ ಮೇಲೆ, ಕಣ್ಣಿಗೆ ಕಷ್ಟಪಟ್ಟು ಕಾಣುವಷ್ಟು, ಒಂದು ನಾಯಿ ಕೂದಲು. ಹ್ಯಾಂಗರಿನ ಕಾವಲುಗಾರನದು. ಒರೆಸಿ, ಮತ್ತೆ ಬಿಗಿದು, ಹೊಸ ಟಿಶ್ಯೂ ಸುತ್ತಿ ಬಂದೆವು. ಭಾನುವಾರ ಹೋಗಿ ನೋಡಿದಾಗ ಅದು ಬೆಳ್ಳಗೇ ಇತ್ತು.